ಕೋಳಿಗೆ ಬಾಣಂತಿ ಖಾರ

ಕೋಳಿ ಕಂಪನಿಗೆ ಹೊಸದಾಗಿ ಸೂಪರ್‌ವೈಸರ್ ಆಗಿ ಸೇರಿದವರು ನಾನು ನಿವೃತ್ತನಾದ ಮೇಲೂ ಫೋನ್ ಮಾಡುತ್ತಾರೆ. ಮಾಡಲಿ, ಬೇಡ ಎನ್ನುವುದಿಲ್ಲ. ಆದರೆ ಎಲ್ಲರದೂ ಒಂದೇ ಪ್ರಶ್ನೆ: “ಸರ್, ಮಸಾಲಿ ಪುಡಿ ಎಷ್ಟ ಹಾಕಬೇಕ್ರಿ?” ಅಳತೆ ಚೀಲದ ಮೇಲೆ ಅಚ್ಚಾಗಿದೆಯಲ್ಲ, ಓದಲು ಬರುವುದಿಲ್ಲವೇ ಎಂದರೆ, “ಅದು ಗೊತ್ತೈತ್ರಿ, ನಿಮ್ಮ ಅನುಭವದಾಗ ಎಷ್ಟ ಹಾಕಿದ್ರ ಛಲೋ?” ಎನ್ನುತ್ತಾರೆ. ನನ್ನ ಅನುಭವದಲ್ಲಿ ಮೊದಲು ಬಾಯಿಗೆ ಅಳತೆ ಬೇಕು, ಪುಡಿಯದು ಆಮೇಲೆ. ಇದನ್ನು ಫೋನಿನಲ್ಲಿ ಹೇಳಿದರೆ ಮುದುಕನಿಗೆ ಅರಳು ಮರಳು ಎಂದುಕೊಳ್ಳುತ್ತಾರೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಗಂಗಾವತಿ ಈ ನಾಲ್ಕು ತಾಲೂಕುಗಳ ಕೋಳಿ ಶೆಡ್‌ಗಳನ್ನು ಬೈಕಿನ ಮೇಲೆ ಸುತ್ತುವುದು ನನ್ನ ನೌಕರಿಯಾಗಿತ್ತು. ಕಂಪನಿ ಮರಿ ಕೊಡುತ್ತದೆ, ಮೇವು ಕೊಡುತ್ತದೆ. ಶೆಡ್ಡು, ನೀರು, ಕರೆಂಟು, ದುಡಿಮೆ ರೈತರದು. ಬೆಳೆದ ಕೋಳಿಯನ್ನು ಕಂಪನಿಯ ಲಾರಿಯೇ ಬಂದು ಒಯ್ಯುತ್ತದೆ. ಇವರಿಬ್ಬರ ನಡುವೆ ಸೂಪರ್‌ವೈಸರ್. ಕೋಳಿ ಚೆನ್ನಾಗಿ ಬಂದರೆ ಹೆಸರು ಕಂಪನಿಯದು. ಸತ್ತರೆ, ಸೂಪರ್‌ವೈಸರ್ ಬರಲೇ ಇಲ್ಲ ಎಂದು ರೈತ ಹೇಳುತ್ತಾನೆ. ರೈತನೇ ನೋಡಿಕೊಳ್ಳಲಿಲ್ಲ ಎಂದು ನಾವು ಹೇಳಬೇಕೆಂದು ಕಂಪನಿ ಬಯಸುತ್ತದೆ. ಡೊಳ್ಳಿನ ಹಾಗೆ ಎರಡೂ ಕಡೆಯಿಂದ ಪೆಟ್ಟು ತಿನ್ನುವ ಕೆಲಸ ಇದು, ಸೇರುವಾಗಲೇ ತಿಳಿದಿರಲಿ.

ನಮ್ಮದು ಮೊಟ್ಟೆಯನ್ನೂ ಮುಟ್ಟದ ಮನೆ. ಶೆಡ್‌ನಿಂದ ಬಂದರೆ ಹಿತ್ತಲಲ್ಲಿ ಮೈ ತೊಳೆದುಕೊಂಡ ಮೇಲೆಯೇ ಹೆಂಡತಿ ಒಳಗೆ ಬಿಡುತ್ತಿದ್ದಳು. ಕೋಳಿಯ ರುಚಿ ಏನೆಂದು ಗೊತ್ತಿಲ್ಲದವನು, ಕೋಳಿಗೆ ಏನು ರುಚಿಸುತ್ತದೆ ಎಂದು ಊರೂರಿಗೆ ಹೇಳುತ್ತ ತಿರುಗಿದೆ. ನೆಂಟರು ನಗುತ್ತಿದ್ದರು. ನಗಲಿ ಬಿಡಿ, ಅವರ ನಗುವಿಗಿಂತ ದೊಡ್ಡ ಕಾಟಗಳು ನನಗಿದ್ದವು.

ನಾನು ಸೇರಿದ ಕಾಲಕ್ಕೆ ಮರಿ ಬಂದ ಮೊದಲ ದಿನದಿಂದಲೇ ಮೇವಿನಲ್ಲಿ ಆಂಟಿಬಯಾಟಿಕ್ ಇರುತ್ತಿತ್ತು. ಕಾಯಿಲೆ ಇರಲಿ ಬಿಡಲಿ, ಕೋಳಿ ಬೇಗ ಮೈತುಂಬಲಿ ಎಂದು ಹಾಕುತ್ತಿದ್ದರು. ಯಾರೂ ಕೇಳುತ್ತಿರಲಿಲ್ಲ. ಆಮೇಲೆ ಕೇಳುವವರು ಹುಟ್ಟಿಕೊಂಡರು. ಹೀಗೆ ಕಂಡಕಂಡಲ್ಲಿ ಔಷಧ ಸುರಿದರೆ ಔಷಧಕ್ಕೆ ಬಗ್ಗದ ರೋಗ ಬೆಳೆಯುತ್ತದೆ, ನಾಳೆ ಮನುಷ್ಯರಿಗೂ ಅದು ನಾಟುವುದಿಲ್ಲ ಎಂದರು. ಕಂಪನಿ ಅದನ್ನು ಬಿಟ್ಟು ಗಿಡಮೂಲಿಕೆಯ ಪುಡಿ ತಂದಿತು: ಅರಿಶಿಣ, ಬೆಳ್ಳುಳ್ಳಿ, ಅಜವಾನ, ಶುಂಠಿ, ಕಾಳುಮೆಣಸು, ದಾಲ್ಚಿನ್ನಿ. ನಮ್ಮ ಅಡುಗೆಮನೆಯ ಡಬ್ಬಿಗಳೇ ಚೀಲಕ್ಕೆ ಬಂದಿದ್ದವು.

ಬದಲಾವಣೆ ಒಳ್ಳೆಯದೇ, ಈಗಲೂ ಹಾಗೇ ಹೇಳುತ್ತೇನೆ. ಪುಡಿ ಹೊಟ್ಟೆಯನ್ನು ಹದದಲ್ಲಿಡುತ್ತದೆ, ತಿಂದ ಮೇವು ಮೈಗೆ ಹತ್ತಲು ಒಂದಿಷ್ಟು ನೆರವಾಗುತ್ತದೆ. ಆದರೆ ಒಂದು ಮಾತಿದೆ. ಆಂಟಿಬಯಾಟಿಕ್ ನಮ್ಮ ಸೋಮಾರಿತನವನ್ನೆಲ್ಲ ಮುಚ್ಚಿಡುತ್ತಿತ್ತು, ಈ ಪುಡಿ ಮುಚ್ಚಿಡುವುದಿಲ್ಲ. ನೆಲಕ್ಕೆ ಹಾಸಿದ ಭತ್ತದ ಹೊಟ್ಟು ಒದ್ದೆಯಾಗಿದ್ದರೆ, ಗಾಳಿ ಆಡದಿದ್ದರೆ, ಕುಡಿಯುವ ನೀರು ಸರಿಯಿಲ್ಲದಿದ್ದರೆ ಯಾವ ಅರಿಶಿಣವೂ ಕೋಳಿಯನ್ನು ಉಳಿಸುವುದಿಲ್ಲ. ಇದನ್ನು ನಾನು ಹೇಳದ ಶೆಡ್ ಇಲ್ಲ. ಹೇಳಿದಾಗಲೆಲ್ಲ “ಹೌದ್ರಿ, ಹೌದ್ರಿ” ಎಂದು ತಲೆಯಾಡಿಸಿ, ಕೊನೆಗೆ “ಪುಡಿ ಒಂದೀಟ ಹೆಚ್ಚಿಗಿ ಕೊಟ್ಟ ಹೋಗ್ರಿ” ಎನ್ನುತ್ತಿದ್ದರು. ತಲೆ ಚಚ್ಚಿಕೊಳ್ಳುವಂತಾಗುತ್ತಿತ್ತು.

ಪುಡಿಗೆ ಕಂಪನಿ ಇಟ್ಟ ಉದ್ದನೆಯ ಹೆಸರು ಯಾರ ನಾಲಗೆಗೂ ಹತ್ತಲಿಲ್ಲ. ಜನ ಅದನ್ನು ‘ಮಸಾಲಿ’ ಎಂದರು, ಅದನ್ನು ತಿಂದದ್ದು ‘ಮಸಾಲಿ ಕೋಳಿ’ ಆಯಿತು. ಗಂಗಾವತಿಯಲ್ಲಿ ಮಾಂಸದೂಟದ ಹೋಟೆಲ್ ಇಟ್ಟಿದ್ದ ಒಬ್ಬ ಮಾಲೀಕ ಈ ಸುದ್ದಿ ಕೇಳಿ, ಕೋಳಿಯೇ ಮಸಾಲೆ ತಿಂದು ಬಂದಿದೆಯಲ್ಲ ಎಂದು ಸಾರಿಗೆ ಹಾಕುವ ಮಸಾಲೆಯನ್ನು ಅರ್ಧ ಮಾಡಿಬಿಟ್ಟ. ಗಿರಾಕಿಗಳು ಬೈದರು. ನಾನು ಬಜಾರಿನಲ್ಲಿ ಕಂಡದ್ದೇ ತಡ, ನನ್ನ ಬೈಕಿಗೆ ಅಡ್ಡ ನಿಂತ.

“ನಿಮ್ಮ ಕೋಳಿ ಸಪ್ಪನ್ನ ಸಪ್ಪಗ ಐತ್ರಿ. ಮಸಾಲಿ ಎಲ್ಲಿ ಹೋತ್ರಿ?”

“ಆಕಳ ಹುಲ್ಲ ತಿಂತೈತಿ. ಹಾಲ ಹಸರ ಇರ್ತೈತೇನ್ರಿ?” ಎಂದೆ.

ಆತ ಬೈಕಿನ ಹ್ಯಾಂಡಲ್ ಹಿಡಿದುಕೊಂಡ. “ಹಂಗಾದ್ರ ಸುಮ್ಮನ ಯಾಕ ಹಾಕ್ತೀರಿ?” ಎಂದ.

ಬೈಕ್ ಒದ್ದು ಹೊರಟೆ.

ಮಸಾಲೆ ಎಂಬ ಹೆಸರಿನಿಂದ ಇಷ್ಟು ಫಜೀತಿಯಾದರೆ, ಅದಕ್ಕಿಂತ ಕೆಟ್ಟ ಇನ್ನೊಂದು ಹೆಸರು ಬರುವುದಿತ್ತು. ಅದನ್ನು ತಂದವರು ನಮ್ಮ ಮ್ಯಾನೇಜರ್ ಪ್ರಭಾಕರ ಸಾಹೇಬರು. ಮುನಿರಾಬಾದಿನ ಡ್ಯಾಮ್ ಕಾಲೊನಿಯಲ್ಲಿ ಬೆಳೆದ ಮನುಷ್ಯ, ಮಾತುಗಾರ. ಕೆಟ್ಟವರೇನಲ್ಲ. ಆದರೆ ಮೈಕು ಕಂಡರೆ ಅವರಿಗೆ ಒಂದು ಬಗೆಯ ಹಸಿವು. ರೈತರ ಮನಸ್ಸಿಗೆ ಹತ್ತುವ ಹಾಗೆ ಹೇಳಬೇಕು ಎನ್ನುವುದು ಅವರ ಮಂತ್ರ. ಏನು ಹೇಳಬೇಕು ಎನ್ನುವುದರ ಬಗ್ಗೆ ಮಾತ್ರ ಅಷ್ಟು ತಲೆಕೆಡಿಸಿಕೊಳ್ಳುತ್ತಿರಲಿಲ್ಲ.

ಕೊಪ್ಪಳದಲ್ಲಿ ನಾಲ್ಕೂ ತಾಲೂಕಿನ ಕೋಳಿ ಸಾಕಣೆದಾರರ ಸಭೆ ಕರೆದಿದ್ದೆವು. ನಾನು ಎದ್ದು ಹೊಟ್ಟು, ಗಾಳಿ, ನೀರು ಎಂದು ನನ್ನ ಹಳೆಯ ಪಾಠ ಒಪ್ಪಿಸಿದೆ. ಅರ್ಧ ಜನ ಆಕಳಿಸಿದರು. ಹಿಂದಿನಿಂದ ಯಾರೋ, “ಈ ಪುಡಿ ಅಂದ್ರ ನಿಖರವಾಗಿ ಏನ್ರಿ? ಔಷಧನೋ, ಟಾನಿಕ್ಕೋ?” ಎಂದು ಕೇಳಿದರು. ಸಾಹೇಬರು ನನ್ನ ಕೈಯಿಂದ ಮೈಕು ಕಸಿದುಕೊಂಡರು.

“ನೋಡ್ರಿ, ಮನಿ ಮಾತಿನ್ಯಾಗ ಹೇಳ್ತೀನಿ. ಶುಂಠಿ ಐತಿ, ಮೆಣಸ ಐತಿ, ಅಜವಾನ ಐತಿ, ಬಳ್ಳೊಳ್ಳಿ ಐತಿ. ಇದು ಏನ? ನಿಮ್ಮ ಮನ್ಯಾಗಿನ ಬಾಣಂತಿ ಖಾರ! ಬಾಣಂತಿಗಿ ಕೊಟ್ರ ಬಾಣಂತಿ ಗಟ್ಟಿ, ಕೋಳಿಗಿ ಕೊಟ್ರ ಕೋಳಿ ಗಟ್ಟಿ!”

ಚಪ್ಪಾಳೆಯೋ ಚಪ್ಪಾಳೆ. ಆಕಳಿಸುತ್ತಿದ್ದವರೂ ಎಚ್ಚರಾದರು. ಸಭೆ ಮುಗಿದ ಮೇಲೆ ನಾನು, “ಸಾಹೇಬ್ರ, ಕೋಳಿ ಹಡದಿಲ್ರಿ,” ಎಂದೆ.

“ಶರಣಪ್ಪಾರ, ನಿಮಗ ಮಂದಿ ಮನಸ ತಿಳಿಯಂಗಿಲ್ಲ,” ಎಂದು ಬೆನ್ನು ತಟ್ಟಿದರು.

ಮರುವಾರದಿಂದ ಎಲ್ಲ ಶೆಡ್‌ಗಳಲ್ಲೂ ಪುಡಿಯ ಹೆಸರು ‘ಖಾರ’ ಎಂದಾಯಿತು. ನಮ್ಮ ಕಡೆ ಬಾಣಂತಿಗೆ ಕೊಡುವುದೂ ಖಾರವೇ, ಕೆಂಪು ಮೆಣಸಿನಕಾಯಿ ಕುಟ್ಟಿ ಡಬ್ಬಿಗೆ ತುಂಬಿಡುವುದೂ ಖಾರವೇ. ಕುಷ್ಟಗಿ ಕಡೆಯ ರೈತನೊಬ್ಬನ ಫೋನ್ ಬಂತು. “ಸಾಹೇಬ್ರ, ಖಾರ ತೀರಿತ್ತು. ನೀವು ಬರೂತನ ಯಾಕ ತಡ ಮಾಡೂದಂತ ಮನ್ಯಾಗಿಂದ ಹಾಕೀನ್ರಿ.” ಬೈಕ್ ಹತ್ತಿದೆ. ಹೋಗಿ ನೋಡಿದರೆ ಶೆಡ್ಡಿನ ತುಂಬ ಮೆಣಸಿನ ಪುಡಿಯ ಘಾಟು. ಆತ ಸೀನುತ್ತಿದ್ದ, ಆತನ ಹೆಂಡತಿ ಸೀನುತ್ತಿದ್ದಳು, ಬಾಗಿಲಲ್ಲಿ ಕಾಲಿಟ್ಟ ನಾನೂ ಸೀನಿದೆ. ಕೋಳಿಗಳು ಮಾತ್ರ ನಿಶ್ಚಿಂತೆಯಿಂದ ಕೆಂಪು ಮೇವು ಹೆಕ್ಕುತ್ತಿದ್ದವು. ಗಿಣಿ ಮೆಣಸಿನಕಾಯಿ ತಿನ್ನುವುದನ್ನು ಎಲ್ಲರೂ ನೋಡಿದ್ದಾರೆ. ಹಕ್ಕಿಯ ಬಾಯಿಗೆ ಖಾರ ಹತ್ತುವುದಿಲ್ಲ, ಹತ್ತುವುದು ನಮಗೆ.

“ಯಾರ ಹೇಳಿದ್ರು ನಿನಗ ಇದನ್ನ ಹಾಕಂತ?” ಎಂದು ಕೂಗಾಡಿದೆ.

“ನೀವ ಖಾರ ಅಂದ್ರಿ, ನಾ ಖಾರ ಹಾಕೀನಿ. ಬ್ಯಾರೆ ಏನರ ಅಂದಿದ್ರ ಬ್ಯಾರೆ ಹಾಕ್ತಿದ್ದೆ,” ಎಂದ, ಮೂಗು ಒರೆಸಿಕೊಳ್ಳುತ್ತ.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಎತ್ತು ಈಯಿತು ಎಂದು ಸಾರಿದವರು ನಮ್ಮವರೇ ಆಗಿರುವಾಗ ಕಟ್ಟಿದವನನ್ನು ಬೈದು ಏನು ಪ್ರಯೋಜನ? ಸಾಹೇಬರ ಹತ್ತಿರ ಹೋಗಿ, ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಿ ಎಂದೆ. “ಕೋಳಿ ಏನ ಸತ್ತಿಲ್ಲಲ್ಲ?” ಎಂದು ನಕ್ಕರು. ಆಗ ಸತ್ತಿರಲಿಲ್ಲ.

ಇನ್ನು ಹುಲಿಗೆವ್ವನ ಶೆಡ್ಡಿಗೆ ಬರುತ್ತೇನೆ. ಇಷ್ಟೆಲ್ಲ ಬರೆಯಲು ಕೂತದ್ದೇ ಅವಳ ಸಲುವಾಗಿ.

ಯಲಬುರ್ಗಾ ತಾಲೂಕಿನ ತಳಕಲ್ ದಾಟಿ ಹೊಲದ ಹಾದಿ ಹಿಡಿದರೆ ಅವಳ ಮನೆ, ಮನೆಯ ಪಕ್ಕದಲ್ಲೇ ಶೆಡ್. ಗಂಡ ಲಾರಿಯ ಮೇಲೆ ಊರೂರು ತಿರುಗುವವನು. ಶೆಡ್ ಹಾಕುವ ಮೊದಲು ಹುಲಿಗೆವ್ವ ಪ್ರತಿ ಹಂಗಾಮಿಗೂ ಹೆಂಗಸರ ಗುಂಪಿನ ಜೊತೆ ಗಂಗಾವತಿಯ ಕಾಲುವೆ ಸೀಮೆಗೆ ಭತ್ತದ ನಾಟಿಗೆ ಹೋಗುತ್ತಿದ್ದಳು. ಅಲ್ಲೇ ಗದ್ದೆಯ ಬದಿಯಲ್ಲಿ ಗುಡಿಸಲು ಹಾಕಿಕೊಂಡು, ಕೆಲಸ ಮುಗಿಸಿ ಬರುವ ಹೊತ್ತಿಗೆ ಮಗಳು ಮಂಜುಳಾ ಒಂದು ಬೆರಳು ಎತ್ತರ ಬೆಳೆದಿರುತ್ತಿದ್ದಳಂತೆ. ಆ ಮಗಳು ಈಗ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು.

“ಅಕಿ ಸಣ್ಣಾಕಿ ಇದ್ದಾಗ ಅಕಿ ಕೂಡ ಇರೂದ ಆಗಲಿಲ್ರಿ. ಬಾಣಂತನಕ್ಕರ ಇರ್ತೀನಿ. ಶೆಡ್ ಐತಿ, ಇನ್ನ ನಾಟಿಗಿ ಹೋಗೂದ ತಪ್ಪೈತಿ,” ಎಂದು ಮರಿ ಇಳಿಸಿಕೊಂಡ ದಿನ ಹೇಳಿದ್ದಳು. ಹೇಳುವಾಗ ಅವಳ ಮುಖದಲ್ಲಿದ್ದ ಸಮಾಧಾನ ನನಗೆ ಚೆನ್ನಾಗಿ ನೆನಪಿದೆ.

ನನ್ನ ಕೈಕೆಳಗಿನ ರೈತರಲ್ಲಿ ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುತ್ತಿದ್ದವಳು ಅವಳೊಬ್ಬಳೇ. ಮುಳುವಾದದ್ದೂ ಅದೇ. ಮನೆಯಲ್ಲಿ ಅತ್ತೆ ದ್ಯಾಮವ್ವ ಇದ್ದಳು. ಊರಿನ ಹಳೆಯ ಸೂಲಗಿತ್ತಿ. ಈಗ ಹೆರಿಗೆಗಳೆಲ್ಲ ಆಸ್ಪತ್ರೆಯಲ್ಲಿ, ಆದರೆ ತಾಯಿ ಮಗು ಮನೆಗೆ ಬಂದ ಮೇಲೆ ಬಾಣಂತನ ಮಾತ್ರ ದ್ಯಾಮವ್ವ ಹೇಳಿದಂತೆಯೇ ನಡೆಯಬೇಕು. ಅವಳ ಮಾತಿಗೆ ಎದುರಾಡಿದ ಸೊಸೆಯರು ಆ ಊರಲ್ಲಿ ಇರಲಿಲ್ಲ, ಹುಲಿಗೆವ್ವನೂ ಸೇರಿ.

ಮರಿ ಬಂದ ಮೊದಲ ದಿನಗಳಲ್ಲಿ ಶೆಡ್ ಬೆಚ್ಚಗಿರಬೇಕು, ಪಕ್ಕದ ಪರದೆ ಮುಚ್ಚಿರಬೇಕು. ಅದು ಸರಿಯಾಗಿಯೇ ಇತ್ತು. ಇನ್ನು ಪರದೆಯನ್ನು ಮೇಲಿನಿಂದ ಸ್ವಲ್ಪ ಸ್ವಲ್ಪವೇ ತೆರೆಯುತ್ತ ಬನ್ನಿ ಎಂದು ಹೇಳಿ ನಾನು ಬೇರೆ ಕಡೆ ಹೋದೆ. ಮುಂದಿನ ಸಲ ಮಧ್ಯಾಹ್ನ ಹೋದಾಗ ಶೆಡ್ಡಿನ ಗುರುತೇ ಸಿಗಲಿಲ್ಲ. ಪರದೆಯ ಮೇಲೆ ಗೋಣಿಚೀಲ, ಗೋಣಿಚೀಲದ ಮೇಲೆ ಹಳೆಯ ಕೌದಿ. ಸಂದಿಯಿಂದ ಹೊಗೆ ಬರುತ್ತಿತ್ತು. ಬೆಂಕಿ ಬಿದ್ದಿದೆ ಎಂದು ಓಡಿದೆ. ಬಾಗಿಲು ತೆಗೆದರೆ ಕಣ್ಣು ಉರಿಯುವ ಅಮೋನಿಯಾ ವಾಸನೆ, ಅದರ ಜೊತೆಗೆ ಅಜವಾನದ ವಾಸನೆ. ನಡುವೆ ಕಬ್ಬಿಣದ ಬುಟ್ಟಿಯಲ್ಲಿ ಕೆಂಡ, ಅದರ ಮೇಲೆ ಬೆಳ್ಳುಳ್ಳಿ ಸಿಪ್ಪೆ. ಮರಿಗಳು ಕೊಕ್ಕು ತೆರೆದು ಏದುಸಿರು ಬಿಡುತ್ತ ನೀರಿನ ಪೈಪಿನ ಕೆಳಗೆ ಒಂದರ ಮೇಲೊಂದು ಬಿದ್ದಿದ್ದವು. ಮೂಲೆಯಲ್ಲಿ ಸತ್ತವುಗಳ ಗುಡ್ಡೆ.

ನೀರಿನ ವಾಲ್ವ್ ಬಂದ್ ಆಗಿತ್ತು.

“ಇದೇನ್ ಮಾಡೀರವ್ವಾ?” ಎಂದು ಕೂಗಿದೆ.

ಹುಲಿಗೆವ್ವ ಓಡಿ ಬಂದಳು. ಅವಳ ಹಿಂದೆ ದ್ಯಾಮವ್ವ ನಿಧಾನವಾಗಿ ಬಂದಳು. ತಪ್ಪು ಮಾಡಿದವಳ ನಡಿಗೆ ಅದಲ್ಲ.

“ನೀವ ಹೇಳಿದಂಗ ಮಾಡೇವ್ರಿ,” ಎಂದಳು ಹುಲಿಗೆವ್ವ. “ದೊಡ್ಡ ಸಾಹೇಬ್ರು ಸಭಾದಾಗ ಬಾಣಂತಿ ಖಾರ ಅಂದ್ರು. ಮನಿಗಿ ಬಂದ ಅತ್ತಿಗಿ ಹೇಳಿದೆ. ಬಾಣಂತನ ಅಂದ್ರ ನನಗ ಬಿಡು ಅಂದ್ರು.”

“ಹಿಕ್ಕಿ ನೋಡ್ರಿ, ಎಷ್ಟ ಗಟ್ಟಿ ಐತಿ,” ಎಂದಳು ದ್ಯಾಮವ್ವ. “ಹೊಟ್ಟ ಎಷ್ಟ ಒಣಗೈತಿ. ಖಾರ ಹತ್ತೈತಿ. ಮುಂಜಾನಿ ಒಂದ್ಸಲ, ಸಂಜಿಕ ಒಂದ್ಸಲ ಕಾಸಿ ಆರಿಸಿದ ನೀರ ಕೊಡಾಕತ್ತೀವಿ.”

ಆಗ ನನಗೆ ಎಲ್ಲ ಹೊಳೆಯಿತು. ನಮ್ಮ ಕಡೆ ಬಾಣಂತಿಗೆ ಖಾರ ಕೊಡುವುದೆಂದರೆ ಬರೀ ಖಾರ ಕೊಡುವುದಲ್ಲ. ಅದರ ಬೆನ್ನಿಗೆ ಒಂದು ಕಟ್ಟಳೆಯೇ ಇದೆ. ತುಪ್ಪದಲ್ಲಿ ಕಲಸಿದ ಖಾರ ತಿಂದ ಮೇಲೆ ತಣ್ಣೀರು ಕುಡಿಯುವಂತಿಲ್ಲ, ಕುಡಿದರೆ ನಂಜು ಏರುತ್ತದೆ ಎನ್ನುತ್ತಾರೆ. ಕಾಸಿದ ನೀರೂ ಗುಟುಕು ಲೆಕ್ಕದಲ್ಲಿ. ಕೋಣೆಯ ಕಿಟಕಿ ಮುಚ್ಚಿರಬೇಕು, ಗಾಳಿ ಸೋಕಬಾರದು. ಹೊತ್ತು ಹೊತ್ತಿಗೆ ಕೆಂಡದ ಮೇಲೆ ಅಜವಾನ, ಬೆಳ್ಳುಳ್ಳಿ ಸಿಪ್ಪೆ ಹಾಕಿ ಹೊಗೆ ಕೊಡಬೇಕು. ದ್ಯಾಮವ್ವ ಒಂದು ಶೆಡ್ ಮರಿಗಳಿಗೆ ಚಾಚೂ ತಪ್ಪದೆ ಬಾಣಂತನ ಮಾಡಿದ್ದಳು. ತಲೆಗೆ ಬಟ್ಟೆ ಕಟ್ಟುವುದೊಂದು ಬಾಕಿ ಇತ್ತು. ಹಿಕ್ಕೆ ಗಟ್ಟಿಯಾಗಿದ್ದದ್ದು ಮರಿಗಳ ಮೈಯಲ್ಲಿ ನೀರಿನ ಪಸೆ ಇಲ್ಲದ್ದಕ್ಕೆ. ಅದನ್ನೇ ಆಕೆ ಗುಣ ಎಂದುಕೊಂಡಿದ್ದಳು.

ಕೆಂಡದ ಬುಟ್ಟಿ ಹೊರಗೆಸೆದೆ. ಕೌದಿ, ಗೋಣಿಚೀಲ ಕಿತ್ತು ಪರದೆಯನ್ನು ಮೇಲಿನಿಂದ ತೆರೆದೆ. ನೀರು ಪೈಪಿನಲ್ಲಷ್ಟೇ ಬಿಟ್ಟರೆ ಮುಗಿಬಿದ್ದು ತುಳಿದು ಸಾಯುತ್ತವೆ. ಮನೆಯಲ್ಲಿದ್ದ ತಾಟು, ಪರಾತ ಎಲ್ಲ ತಂದು ಅಲ್ಲಲ್ಲಿ ಇಡಿ ಎಂದು ಹುಲಿಗೆವ್ವನಿಗೆ ಹೇಳಿ ವಾಲ್ವ್ ತಿರುಗಿಸಿದೆ. ದ್ಯಾಮವ್ವ ನನ್ನ ಕೈ ಸರಿಸಿ ಮತ್ತೆ ಬಂದ್ ಮಾಡಿದಳು.

“ಖಾರ ತಿಂದ ಜೀವಕ್ಕ ತಣ್ಣೀರ ಕೊಡ್ತೀಯೇನೋ ತಮ್ಮಾ? ನಂಜ ಏರಿ ಒಂದೂ ಉಳಿಯಂಗಿಲ್ಲ. ನಾ ಎಷ್ಟ ಬಾಣಂತನ ಮಾಡೀನಿ ನಿನಗೇನ ಗೊತ್ತು?”

“ಯವ್ವಾ, ಇವು ಕೋಳಿ! ಇವು ಹಡದಿಲ್ಲ! ಇವಕ್ಕ ನೀರ ಇಲ್ಲಂದ್ರ ಸಾಯ್ತಾವ!” ನನ್ನ ಕೂಗಿಗೆ ಮನೆಯ ಬಾಗಿಲಿಗೆ ತುಂಬು ಬಸುರಿ ಮಂಜುಳಾ ಬಂದು ನಿಂತಳು. ದ್ಯಾಮವ್ವ ವಾಲ್ವ್ ಬಿಡಲಿಲ್ಲ. ಮುದುಕಿಯ ಕೈಯನ್ನು ಜಗ್ಗಾಡಲು ನನಗೂ ಆಗಲಿಲ್ಲ.

ಆಗ ಹುಲಿಗೆವ್ವ ಕೈಯಲ್ಲಿದ್ದ ಪರಾತವನ್ನು ನೆಲಕ್ಕಿಟ್ಟಳು.

“ಅತ್ತೀ, ಬಿಡ್ರಿ. ಸತ್ತಾವ ನೀರಿಲ್ಲದ. ನನಗ ಗೊತ್ತೈತಿ ಅದು ಹೆಂಗಿರ್ತೈತಂತ. ಮಂಜುಳಾ ಹುಟ್ಟಿದಾಗ ನೀರಡಿಕಿ ತಡೀಲಾರದ, ಕೂಸಿನ ಅರಿವಿ ತೊಳಿಯೂ ಬಕೀಟಿನ್ಯಾಗಿನ ನೀರ ಕುಡದೀನಿ. ನೀವು ಒಲಿ ಮುಂದ ಇದ್ರಿ. ಇಲ್ಲೀತನ ಯಾರ ಮುಂದೂ ಹೇಳಿಲ್ಲ.”

ದ್ಯಾಮವ್ವ ಸೊಸೆಯ ಮುಖವನ್ನು ನೋಡುತ್ತ ನಿಂತಳು. ಆಮೇಲೆ ವಾಲ್ವಿನಿಂದ ಕೈ ತೆಗೆದು ಮನೆಯೊಳಗೆ ಹೋದಳು. ನಾನು ನೀರು ಬಿಟ್ಟೆ. ಮರಿಗಳು ಕೊಕ್ಕು ಅದ್ದಿ, ತಲೆ ಎತ್ತಿ ನುಂಗುವುದನ್ನು ನೋಡುತ್ತ ಹುಲಿಗೆವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಅರ್ಧಕ್ಕಿಂತ ಹೆಚ್ಚು ಮರಿ ಉಳಿದವು. ಆದರೆ ಬಡಕಲಾದವು, ಲಾರಿ ತುಂಬುವಾಗ ಒಯ್ಯುವವರೇ ಮೂಗು ಮುರಿದರು. ಪ್ರಭಾಕರ ಸಾಹೇಬರು ನನ್ನನ್ನು ಆಫೀಸಿಗೆ ಕರೆಸಿದರು.

“ರೈತರ ನಿರ್ಲಕ್ಷ್ಯ. ಆ ಶೆಡ್ಡಿಗಿ ಇನ್ನ ಮರಿ ಬ್ಯಾಡ,” ಎಂದರು.

“ಲಕ್ಷ್ಯ ಕಡಿಮಿ ಆಗಿ ಸತ್ತಿಲ್ರಿ ಸಾಹೇಬ್ರ, ಹೆಚ್ಚಾಗಿ ಸತ್ತಾವ. ನೀವು ಸಭಾದಾಗ ಅರ್ಧ ಹೇಳಿದ್ರಿ. ಆ ಮುದುಕಿ ಪೂರ್ತಿ ಮಾಡ್ಯಾಳ.”

“ನಾ ನೀರ ಬಂದ್ ಮಾಡಂತ ಹೇಳಿದ್ನೇನ್ರಿ?”

“ಬಾಣಂತಿ ಅಂದ್ರಲ್ರಿ.”

ಅವರಿಗೆ ತಿಳಿಯಲಿಲ್ಲ, ಅಥವಾ ತಿಳಿಯಬಾರದೆಂದು ಕೂತಿದ್ದರು. ಹಾಗಾದರೆ ನೀವೇ ಬಂದು ಅವಳಿಗೆ ಹೇಳಿ, ನಾನು ಹೇಳುವುದಿಲ್ಲ ಎಂದೆ. ನೌಕರಿಯ ಕೊನೆಗಾಲ, ಏನು ಮಾಡುತ್ತಾರೆ ಎಂಬ ಧೈರ್ಯ. ಆ ಧೈರ್ಯ ಮೊದಲೇ ಬಂದಿದ್ದರೆ ಚೆನ್ನಾಗಿತ್ತು ಎಂದು ನಿಮಗನ್ನಿಸಬಹುದು, ನಾಲ್ಕು ದಿನ ನೌಕರಿ ಮಾಡಿ ನೋಡಿ, ಆಮೇಲೆ ಮಾತಾಡಿ.

ಸಾಹೇಬರು ಬಂದರು. ಹುಲಿಗೆವ್ವ ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂರಿಸಿದಳು. ಅವರು ಬಾಯಿ ತೆರೆಯುವ ಮೊದಲೇ ಕೇಳಿದಳು: “ಮರಿ ಬಿಡಂಗಿಲ್ಲೇನ್ರಿ? ಶೆಡ್ ಖಾಲಿ ಬಿದ್ರ ನಾ ಮತ್ತ ಗಂಗಾವತಿಗಿ ನಾಟಿಗಿ ಹೋಗಬೇಕ್ರಿ. ಗುಂಪಿನವರು ಮುಂದಿನ ವಾರ ಹೊಂಟಾರ. ಮಗಳು ಹಡಿಯೂ ದಿನ ಬಂದಾವ.”

ಸಾಹೇಬರು ಗಂಟಲು ಸರಿಮಾಡಿಕೊಂಡು ಕಂಪನಿಯ ನಿಯಮ, ಅದು ಇದು ಎಂದು ಶುರುಮಾಡಿದರು. ಅಷ್ಟರಲ್ಲಿ ದ್ಯಾಮವ್ವ ಚಹಾ ತಂದು ಅವರ ಮುಂದಿಟ್ಟು ಎದುರಿಗೇ ಕೂತಳು.

“ಸಾಹೇಬ್ರ, ನಿಮ್ಮ ಮನ್ಯಾಗ ಬಾಣಂತಿಗಿ ಖಾರ ಕೊಡ್ತೀರಿಲ್ರಿ?”

“ಕೊಡ್ತೀವಿ ಯವ್ವಾ. ನಮ್ಮವ್ವ ಮುನಿರಾಬಾದಿನ್ಯಾಗ ಕಾಲೊನಿಗೆಲ್ಲಾ ಮಾಡಿ ಕೊಡ್ತಿದ್ಲು.” ಸಾಹೇಬರ ಮುಖ ಅರಳಿತು. ಮನೆಮಾತು ಎಂದರೆ ಅವರಿಗೆ ಮೊದಲಿಂದ ಖುಷಿ.

“ಖಾರ ತಿಂದ ಮ್ಯಾಲ ತಣ್ಣೀರ ಕೊಡ್ತಿದ್ಲೇನ್ರಿ?”

“ಛೇ ಛೇ! ಯಾರ ಕೊಡ್ತಾರ? ನಂಜ ಆಗಂಗಿಲ್ಲೇನು?”

“ಮತ್ತ ನಾನೂ ಕೊಡಲಿಲ್ಲ,” ಎಂದಳು ದ್ಯಾಮವ್ವ.

ಸಾಹೇಬರ ಕೈಯಲ್ಲಿದ್ದ ಕಪ್ಪು ಅಲ್ಲೇ ನಿಂತಿತು. ನನ್ನ ಕಡೆ ನೋಡಿದರು. ನಾನು ಶೆಡ್ಡಿನ ಕಡೆ ನೋಡಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅವರ ತಾಯಿಯೂ ಹೇಳಿಕೊಟ್ಟಿರಬೇಕು. ಚಹಾ ಪೂರ್ತಿ ಕುಡಿದು, ಕಪ್ಪು ಕೆಳಗಿಟ್ಟು, “ಶರಣಪ್ಪಾರ, ಇನ್ನೊಂದ ಸಲ ಮರಿ ಬಿಡ್ರಿ. ದಿನಾ ಬಂದ ನೋಡ್ರಿ,” ಎಂದು ಎದ್ದರು. ದಿನಾ ಬಂದು ನೋಡುವ ಶಿಕ್ಷೆ ಯಾರಿಗೆ ಬಿತ್ತು ನೋಡಿ.

ಹುಲಿಗೆವ್ವ ನಾಟಿಗೆ ಹೋಗಲಿಲ್ಲ. ಈ ಸಲ ಶೆಡ್ಡಿನಲ್ಲಿ ಹೊಟ್ಟೂ ಒಣಗಿತ್ತು, ನೀರೂ ಇತ್ತು, ಪರದೆಯೂ ಹೊತ್ತು ಹೊತ್ತಿಗೆ ತೆರೆಯಿತು. ಪುಡಿಯನ್ನೂ ಹಾಕಿದೆವು, ಚೀಲದ ಮೇಲಿದ್ದಷ್ಟೇ. ಕೋಳಿ ತುಂಬಿಕೊಂಡು ಬಂದವು. ಮುಂದಿನ ಸಭೆಯಲ್ಲಿ ಸಾಹೇಬರು ಹುಲಿಗೆವ್ವನನ್ನು ಎಬ್ಬಿಸಿ ನಿಲ್ಲಿಸಿ, “ನೋಡ್ರಿ, ಪುಡಿ ಮಹಿಮಾ!” ಎಂದರು. ನನಗೆ ಮೈಯೆಲ್ಲ ಉರಿಯಿತು. ಬಾಣಂತಿ ಖಾರ ಎನ್ನುವ ಮಾತು ಬಿಟ್ಟಿದ್ದರು, ನಿಜ. “ಇದು ಕೋಳಿಗಿ ಒಗ್ಗರಣಿ ಇದ್ದಂಗ,” ಎಂದರು. ಹಿಂದಿನ ಸಾಲಿನಿಂದ ಒಬ್ಬ ಎದ್ದು ನಿಂತ.

“ಎಣ್ಣಿ ಯಾವ್ದ ಹಾಕಬೇಕ್ರಿ?”

ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ನೀವು ಸೇರಿರುವ ನೌಕರಿ ಇದು. ಪುಡಿ ಕಲಸುವುದನ್ನು ಯಾರು ಬೇಕಾದರೂ ಕಲಿಯಬಹುದು. ನೀವು ಆಡಿದ ಮಾತು ಕೇಳಿದವರ ಮನೆಯೊಳಗೆ ಹೋಗಿ ಏನಾಗುತ್ತದೆ ಎಂದು ಹಿಂದೆಯೇ ಹೋಗಿ ನೋಡಬೇಕು. ಅದಕ್ಕೆ ಯಾವ ಚೀಲದ ಮೇಲೂ ಅಳತೆ ಬರೆದಿಲ್ಲ.

ಆ ಸಭೆಗೂ ಮೊದಲು, ಶೆಡ್ಡಿನ ಕೋಳಿಗಳನ್ನು ಲಾರಿಗೆ ತುಂಬಿಸಿದ ದಿನ ಹುಲಿಗೆವ್ವ, ಕೂಸನ್ನು ನೋಡಿ ಹೋಗಿ ಎಂದು ಮನೆಯೊಳಗೆ ಕರೆದಳು. ಮಂಜುಳಾ ಆಸ್ಪತ್ರೆಯಲ್ಲಿ ಹೆತ್ತು ಮನೆಗೆ ಬಂದಿದ್ದಳು, ಹೆಣ್ಣು ಕೂಸು. ಬಾಣಂತಿ ಕೋಣೆ ಎಂದರೆ ಕತ್ತಲೆ, ಹೊಗೆ ಎಂದುಕೊಂಡು ತಲೆ ಬಗ್ಗಿಸಿ ಬಾಗಿಲಲ್ಲಿ ನಿಂತೆ. ಕಿಟಕಿ ತೆರೆದಿತ್ತು. ಒಳಗೆಲ್ಲ ಬೆಳಕಿತ್ತು. ಮೂಲೆಯಲ್ಲಿ ದ್ಯಾಮವ್ವ ತುಪ್ಪದಲ್ಲಿ ಖಾರ ಕಲಸುತ್ತಿದ್ದಳು. ಮಂಚದ ಪಕ್ಕದಲ್ಲಿ ಒಂದು ತಂಬಿಗೆ, ಅದರ ಮೇಲೆ ತಾಟು ಮುಚ್ಚಿತ್ತು.

ಮಂಜುಳಾ ಖಾರದ ಉಂಡೆ ಬಾಯಿಗಿಟ್ಟುಕೊಂಡು ಮುಖ ಕಿವುಚಿ, ತಂಬಿಗೆ ಎತ್ತಿ ಗಟಗಟ ಕುಡಿದಳು. ಖಾಲಿ ತಂಬಿಗೆಯನ್ನು ತಾಯಿಯ ಕಡೆ ಚಾಚಿ, “ಯವ್ವಾ, ಇನ್ನೊಂದೀಟ,” ಎಂದಳು.

ಹುಲಿಗೆವ್ವ ತಂಬಿಗೆ ತೆಗೆದುಕೊಂಡಳು. ಎಷ್ಟೋ ವರ್ಷದ ರೂಢಿ, ಅತ್ತೆಯ ಮುಖವನ್ನೊಮ್ಮೆ ನೋಡಿದಳು.

ದ್ಯಾಮವ್ವ ಕಲಸುವುದನ್ನು ನಿಲ್ಲಿಸಲಿಲ್ಲ.

“ನನ್ನ ಮಾರಿ ಏನ ನೋಡ್ತೀ? ಹಾಕ. ಕೋಳಿಗಿಂತ ಕಡಿಮಿ ಏನ ನನ್ನ ಮಮ್ಮಗಳು?”